ಮುಂದೆ ಜಡ: ಚಕ್ಕಡಿಯಿಂದ ಡೀಸೆಲ್ ಕಾರಿನ ತನಕ

ಮೊನ್ನೆ ದೀಪಾವಳಿಗೆ ಊರಿಗೆ ಹೋಗಿದ್ದೆ. ನಮ್ಮೂರು ಅಣ್ಣಿಗೇರಿಯಿಂದ ನವಲಗುಂದಕ್ಕೆ ಹೋಗುವ ದಾರಿಯಿಂದ ಸ್ವಲ್ಪ ಒಳಗಿದೆ. ಕಣ್ಣು ಹಾಯಿಸಿದಷ್ಟು ದೂರವೂ ಎರಿ ಹೊಲ. ಒಂದು ಗುಡ್ಡ ಇಲ್ಲ, ದಿಬ್ಬ ಇಲ್ಲ. ಬೆಳಿಗ್ಗೆ ಚಹಾ ಕುಡಿದು ಹೊರಗೆ ಬಂದರೆ ಕಾಕಾ ಕಟ್ಟೆಯ ಮೇಲೆ ಕೂತು ಮೊಮ್ಮಕ್ಕಳ ಕೈಲಿ ಚಕ್ಕಡಿಗೆ ಚೀಲ ಹೇರಿಸುತ್ತಿದ್ದರು. ಊರಲ್ಲಿ ಈಗ ಎಲ್ಲಾ ಟ್ರ್ಯಾಕ್ಟರ್, ಚಕ್ಕಡಿ ಉಳಿದಿರುವುದು ಬೆರಳೆಣಿಕೆಯಷ್ಟು. ಆದರೆ ಕಾಕಾ ಒಂದು ಜೋಡಿ ಎತ್ತು ಬಿಟ್ಟಿಲ್ಲ.

"ಏ ಹುಡುಗೂರಾ, ಎಲ್ಲಾ ಚೀಲ ಮುಂದ ಯಾಕ ಒಟ್ಟಾಕತ್ತೀರಿ? ಎತ್ತಿನ ಹೆಗಲ ಮ್ಯಾಲ ಬೀಳತೈತಿ ಅದು. ಹಿಂದಕ ಸರಸ್ರಿ. ಪೂರಾ ಹಿಂದ ಬ್ಯಾಡ ಮತ್ತ, ನೊಗ ಎದ್ದು ಎತ್ತಿನ ಕೊಳ್ಳ ಬಿಗೀತೈತಿ."

ನಾನು ಅಲ್ಲೇ ನಿಂತುಬಿಟ್ಟೆ. ಇದೇ ಕಾಕಾನ ಕೈಯಿಂದ 2008ರ ಮಳೆಗಾಲದಲ್ಲಿ ನಾವೆಲ್ಲ ಸೇರಿ ಕಾರಿನ ಕೀಲಿ ಇಸಿದುಕೊಂಡಿದ್ದೆವು. ವಯಸ್ಸಾಯಿತು, ಇನ್ನು ಓಡಿಸುವುದು ಬೇಡ ಅಂತ. ಅವತ್ತು ಮನೆಯಲ್ಲಿ ಸೇರಿದ್ದ ಹತ್ತು ಜನರಲ್ಲಿ ಒಬ್ಬರ ಬಾಯಲ್ಲೂ, ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದ್ದ ನನ್ನ ಬಾಯಲ್ಲೂ, ಈಗ ಕಾಕಾ ಮಕ್ಕಳಿಗೆ ಹೇಳಿದ ಈ ಒಂದು ಮಾತು ಬಂದಿರಲಿಲ್ಲ.

ಈ ಬರಹ ಆ ಮಾತಿನ ಬಗ್ಗೆ. ಸಣ್ಣ ಕಾರಿನ ಮೂಗಿನ ಮೇಲೆ ಭಾರ ಹೇರಿದರೆ ಏನಾಗುತ್ತದೆ, ಆ ಭಾರ ನಮ್ಮ ಕಡೆಯ ರಸ್ತೆಗೆ ಯಾವಾಗ ಬಂತು, ಹೇಗೆ ಬಂತು ಅನ್ನುವ ಬಗ್ಗೆ. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಮೊದಲು ಚಕ್ಕಡಿಯ ವಿಷಯ ಮುಗಿಸೋಣ. ಎರಡು ಗಾಲಿಯ ಚಕ್ಕಡಿ ಅಂದರೆ ಒಂದು ತಕ್ಕಡಿ. ನಡುವೆ ಅಚ್ಚು, ಮುಂದೆ ಎತ್ತು. ಹೇರು ಅಚ್ಚಿಗಿಂತ ಮುಂದೆ ಬಿದ್ದರೆ ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ. ಎತ್ತು ನಡೆಯುವುದೇನೋ ನಡೆಯುತ್ತದೆ, ಆದರೆ ಹೊರಳಿಸಲು ಹೋದರೆ ಹಟ ಮಾಡುತ್ತದೆ. ಹೆಗಲ ಮೇಲೆ ಭಾರ ಇರುವಾಗ ಪಕ್ಕಕ್ಕೆ ಹೆಜ್ಜೆ ಇಡುವುದು ಅದಕ್ಕೆ ಕಷ್ಟ. ಹೇರು ಹಿಂದೆ ಹೋದರೆ ನೊಗವೇ ಮೇಲೇಳುತ್ತದೆ, ಕೊರಳಿನ ಹಗ್ಗ ಬಿಗಿದು ಎತ್ತಿಗೆ ಉಸಿರು ಕಟ್ಟುತ್ತದೆ. ಅದಕ್ಕೇ ತಿಳಿದವರು ಹೇರುವಾಗ ನೊಗವನ್ನು ಕೈಯಲ್ಲಿ ಎತ್ತಿ ನೋಡುತ್ತಾರೆ. ಭಾರ ಎಷ್ಟು ಅಂತ ಅಲ್ಲ ಅವರು ನೋಡುವುದು, ಭಾರ ಎಲ್ಲಿದೆ ಅಂತ. ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಾನು ಚಿಕ್ಕವನಿದ್ದಾಗ ನಮ್ಮ ತಾಲೂಕಿನಲ್ಲಿ ಕಾರು ಅಂದರೆ ಅಂಬಾಸಿಡರ್, ಇಲ್ಲವೇ ಫಿಯಟ್. ಜೀಪು ಸರಕಾರದವರದು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೇ ಮಾದರಿಯನ್ನೇ ಹಿಂದುಸ್ತಾನ್ ಮೋಟರ್ಸ್‌ನವರು 1950ರ ದಶಕದ ಕೊನೆಯಿಂದ ಕಲ್ಕತ್ತೆ ಹತ್ತಿರದ ಉತ್ತರಪಾರಾದಲ್ಲಿ ಅಂಬಾಸಿಡರ್ ಅಂತ ಮಾಡಿದರು. ಮುಂಬೈಯ ಪ್ರೀಮಿಯರ್ ಕಂಪನಿ ಫಿಯಟ್ 1100 ಮಾಡಿತು, ಅದೇ ಮುಂದೆ ಪದ್ಮಿನಿ ಆಯಿತು. ಎರಡರಲ್ಲೂ ಎಂಜಿನ್ ಮುಂದೆ. ಅಲ್ಲಿಂದ ಒಂದು ಉದ್ದನೆಯ ಶಾಫ್ಟ್ ಕಾರಿನ ಹೊಟ್ಟೆಯಡಿ ಹಾದು ಹೋಗಿ ಹಿಂದಿನ ಗಾಲಿಗಳನ್ನು ತಿರುಗಿಸುತ್ತಿತ್ತು. ಅಂದರೆ ಕೆಲಸ ಹಂಚಿಹೋಗಿತ್ತು. ಮುಂದಿನ ಗಾಲಿಗೆ ಹೊರಳಿಸುವ ಕೆಲಸ, ಹಿಂದಿನದಕ್ಕೆ ದಬ್ಬುವ ಕೆಲಸ.

ಈ ಕಾರುಗಳ ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಎಂಜಿನ್ ಕೂರಿಸುವ ದಂಧೆ ಆಗ ಎಲ್ಲ ಕಡೆ ನಡೆಯುತ್ತಿತ್ತು. ಬಾಡಿಗೆ ಓಡಿಸುವವರಿಗೆ ಡೀಸೆಲ್ ಇಲ್ಲದೆ ಗಿಟ್ಟುತ್ತಿರಲಿಲ್ಲ. ಮುಂದೆ ಅಂಬಾಸಿಡರಿಗೆ ಕಾರ್ಖಾನೆಯಿಂದಲೇ ಡೀಸೆಲ್ ಎಂಜಿನ್ ಬಂತು. ಮೂಗು ಭಾರವಾಗಿ ಸ್ಟೇರಿಂಗ್ ತಿರುಗಿಸುವಾಗ ಡ್ರೈವರನ ರಟ್ಟೆ ಬೀಳುತ್ತಿತ್ತು. ಆದರೆ ಆ ಕಾರಿನ ಮುಂದಿನ ಟಯರಿಗೆ ಇನ್ನೊಂದು ಕೆಲಸದ ಹೊರೆ ಇರಲಿಲ್ಲ. ಕೆಸರಿನಲ್ಲಿ ಹಿಂದಿನ ಗಾಲಿ ಸುಮ್ಮನೆ ತಿರುಗತೊಡಗಿದರೆ ಡಿಕ್ಕಿಯಲ್ಲಿ ಎರಡು ಚೀಲ ಜೋಳ ಹಾಕಿದರೆ ಆಯಿತು, ಹಿಡಿತ ಸಿಗುತ್ತಿತ್ತು.

ಅತ್ತ ಯುರೋಪಿನಲ್ಲಿ ಬೇರೆಯೇ ಆಲೋಚನೆ ನಡೆದಿತ್ತು. ದಬ್ಬುವ ಬದಲು ಎಳೆದರೆ ಹೇಗೆ? ಎತ್ತು ಚಕ್ಕಡಿಯನ್ನು ಎಳೆಯುವ ಹಾಗೆ! ಫ್ರಾನ್ಸಿನ ಸಿಟ್ರೊಯೆನ್ ಕಂಪನಿ 1934ರಲ್ಲಿಯೇ ಮುಂದಿನ ಗಾಲಿ ಎಳೆಯುವ 'ಟ್ರಾಕ್ಸಿಯಾಂ ಅವಾಂ' ಕಾರನ್ನು ಸಾವಿರಗಟ್ಟಲೆ ತಯಾರಿಸತೊಡಗಿತ್ತು. ಆದರೆ ಸಣ್ಣ ಕಾರಿನ ಚರಿತ್ರೆ ಬದಲಾದದ್ದು 1959ರಲ್ಲಿ. 1956ರ ಸುಯೆಜ್ ಕಾಲುವೆ ಗಲಾಟೆಯಿಂದ ಇಂಗ್ಲೆಂಡಿನಲ್ಲಿ ಪೆಟ್ರೋಲಿಗೆ ತತ್ವಾರ ಬಂದಿತ್ತು. ಕಡಿಮೆ ಕುಡಿಯುವ, ನಾಲ್ಕು ಜನ ಕೂರುವ ಪುಟ್ಟ ಕಾರು ಬೇಕಿತ್ತು. ಅಲೆಕ್ ಇಸಿಗೋನಿಸ್ ಎಂಬ ಎಂಜಿನಿಯರು ಎಂಜಿನ್ನನ್ನು ಅಡ್ಡಡ್ಡ ಮಲಗಿಸಿ, ಗೇರ್‌ಬಾಕ್ಸನ್ನು ಅದರ ಕೆಳಗೇ ತುರುಕಿ, ಬರೀ ಹತ್ತು ಅಡಿ ಉದ್ದದ 'ಮಿನಿ' ಕಾರು ಮಾಡಿದರು. ಇಟಲಿಯಲ್ಲಿ ಫಿಯಟ್ಟಿನ ದಾಂತೆ ಜಿಯಾಕೋಸಾ ಇನ್ನೊಂದು ಹೆಜ್ಜೆ ಮುಂದೆ ಹೋದರು. ಗೇರ್‌ಬಾಕ್ಸನ್ನು ಎಂಜಿನ್ನಿನ ಕೆಳಗಲ್ಲ, ಪಕ್ಕಕ್ಕೆ ಜೋಡಿಸಿದರು. 1964ರ ಆಟೊಬಿಯಾಂಕಿ ಪ್ರಿಮುಲಾದಲ್ಲಿ ಅದನ್ನು ಪರೀಕ್ಷಿಸಿ, 1969ರ ಫಿಯಟ್ 128ರಲ್ಲಿ ಲಕ್ಷಗಟ್ಟಲೆ ತಯಾರಿಸಿದರು. ಇವತ್ತು ನಿಮ್ಮ ಮನೆಯ ಮುಂದೆ ಎಂಜಿನ್ ಇರುವ ಸಣ್ಣ ಕಾರು ನಿಂತಿದ್ದರೆ ಬಾನೆಟ್ ಎತ್ತಿ ನೋಡಿ, ಬಹುಮಟ್ಟಿಗೆ ಜಿಯಾಕೋಸಾನ ಜೋಡಣೆಯೇ ಕಾಣುತ್ತದೆ.

ಈ ಜೋಡಣೆಯಿಂದ ಲಾಭ ಬಹಳ. ಉದ್ದನೆಯ ಶಾಫ್ಟ್ ಇಲ್ಲ, ಒಳಗೆ ಜಾಗ ಹೆಚ್ಚು, ಖರ್ಚು ಕಡಿಮೆ. ಎಳೆಯುವ ಗಾಲಿಯ ಮೇಲೆಯೇ ಎಂಜಿನ್ನಿನ ಭಾರ ಇರುವುದರಿಂದ ಹಿಡಿತವೂ ಒಳ್ಳೆಯದು. ಆದರೆ ಪುಕ್ಕಟೆ ಏನೂ ಸಿಗುವುದಿಲ್ಲವಲ್ಲ. ಎಂಜಿನ್, ಗೇರ್‌ಬಾಕ್ಸ್, ರೇಡಿಯೇಟರ್, ಬ್ಯಾಟರಿ ಎಲ್ಲ ಮುಂದೆಯೇ ಕೂತವು. ಹ್ಯಾಚ್‌ಬ್ಯಾಕ್ ಅಂದರೆ ಹಿಂದೆ ಬಾಲವೇ ಇಲ್ಲದ ಕಾರು, ಹೀಗಾಗಿ ಹಿಂದೆ ಭಾರವೂ ಇಲ್ಲ. ಖಾಲಿ ಕಾರಿನ ತೂಕದಲ್ಲಿ ನೂರಕ್ಕೆ ಸುಮಾರು ಅರವತ್ತು ಪಾಲು ಮುಂದಿನ ಅಚ್ಚಿನ ಮೇಲೆಯೇ. ಎಳೆಯುವ ಕೆಲಸ, ಹೊರಳಿಸುವ ಕೆಲಸ, ಬ್ರೇಕಿನ ಹೆಚ್ಚಿನ ಪಾಲು, ಮೂರೂ ಮುಂದಿನ ಎರಡು ಟಯರುಗಳ ಪಾಲಿಗೆ ಬಂದವು. ಒಂದೇ ಪಗಾರದಲ್ಲಿ ಮೂರು ಸಂಸಾರ ಸಾಕುವ ಹಾಗೆ. ಒಂದಕ್ಕೆ ಹೆಚ್ಚು ಖರ್ಚು ಮಾಡಿದರೆ ಇನ್ನೊಂದಕ್ಕೆ ಕೊರತೆ ಬೀಳಲೇಬೇಕು.

ನಮ್ಮ ದೇಶದ ರಸ್ತೆಗಳಿಗೆ ಈ ಜೋಡಣೆ ದೊಡ್ಡ ಸಂಖ್ಯೆಯಲ್ಲಿ ಬಂದದ್ದು 1983ರ ಡಿಸೆಂಬರ್ 14ರಂದು, ಮಾರುತಿ 800ರ ಜೊತೆಗೆ. 796 ಸಿಸಿಯ ಮೂರು ಸಿಲಿಂಡರಿನ ಎಂಜಿನ್, 12 ಇಂಚಿನ ಗಾಲಿ, ಇಡೀ ಕಾರಿನ ತೂಕ ಸುಮಾರು 650 ಕಿಲೋ. ಅಂಬಾಸಿಡರಿಗೆ ಒಗ್ಗಿದವರು ಮೊದಮೊದಲು ನಕ್ಕರು. ಕಡ್ಡಿಪೆಟ್ಟಿಗೆ ಅಂದರು. ಎರಿ ಮಣ್ಣಿನ ಊರಲ್ಲಿ ಇದು ಎರಡು ಮಳೆಗಾಲ ಬಾಳಲಿಕ್ಕಿಲ್ಲ ಅಂದರು.

ಎರಿ ಮಣ್ಣು ಗೊತ್ತಿಲ್ಲದವರಿಗೆ ಒಂದು ಮಾತು. ಇದು ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಅದರ ಮೇಲೆ ಹಾಕಿದ ಡಾಂಬರ್ ರಸ್ತೆಯೂ ಜೊತೆಗೆ ಏಳುತ್ತದೆ, ಬೀಳುತ್ತದೆ. ಹೊಸ ರಸ್ತೆ ಕೂಡ ಎರಡು ವರ್ಷದಲ್ಲಿ ಅಲೆಅಲೆಯಾಗುತ್ತದೆ. ಹಸಿ ಎರಿ ಮಣ್ಣು ಟಯರಿನ ಹಲ್ಲುಗಳ ನಡುವೆ ಮೆತ್ತಿಕೊಂಡು ಗಾಲಿಯನ್ನು ಬೋಳು ಮಾಡಿಬಿಡುತ್ತದೆ. ನವಲಗುಂದ, ಕುಂದಗೋಳ, ಅಣ್ಣಿಗೇರಿ ಕಡೆ ಎಲ್ಲಾ ಇದೇ ಕಥೆ. ಬೆಣ್ಣೆಹಳ್ಳ ತುಂಬಿ ಬಂದರಂತೂ ಕೇಳುವುದೇ ಬೇಡ. ಕಲಘಟಗಿ ಕಡೆ ಹೋದರೆ ಮಾತ್ರ ಮಣ್ಣು ಕೆಂಪಾಗಿ, ರಸ್ತೆ ಏರಿಳಿತಕ್ಕೆ ಬಿದ್ದು, ಮಲೆನಾಡಿನ ಸೆರಗು ಶುರುವಾಗುತ್ತದೆ.

ಕಾಕಾ 1996ರಲ್ಲಿ ಒಂದು ಹಳೆಯ 800 ತಂದರು. ಬಾಳಲಿಕ್ಕಿಲ್ಲ ಅಂದವರ ಮುಂದೆಯೇ ಹನ್ನೆರಡು ವರ್ಷ ಓಡಿಸಿದರು. ಅದು ಹಗುರ ಇದ್ದದ್ದೇ ಅದರ ಗುಣ. ಹೊಲದ ದಾರಿಯಲ್ಲಿ ಸಿಕ್ಕಿಬಿದ್ದರೆ ನಾಲ್ಕು ಜನ ಎತ್ತಿ ಪಕ್ಕಕ್ಕೆ ಇಡಬಹುದಿತ್ತು. ಮುಂದಿನ ಗಾಲಿ ಜಾರಿದರೆ ಇಬ್ಬರು ಹುಡುಗರನ್ನು ಬಾನೆಟ್ ಮೇಲೆ ಕೂರಿಸಿದರೆ ಸಾಕು, ಹೊರಗೆ ಬರುತ್ತಿತ್ತು. ಪವರ್ ಸ್ಟೇರಿಂಗ್ ಇರಲಿಲ್ಲ. ಟಯರಿಗೆ ಏನಾಗುತ್ತಿದೆ ಅನ್ನುವುದು ನೇರ ಕಾಕಾನ ಅಂಗೈಗೆ ಗೊತ್ತಾಗುತ್ತಿತ್ತು. ತಿರುವಿನಲ್ಲಿ ಮುಂದಿನ ಗಾಲಿ ಹಿಡಿತ ಬಿಡುವ ಮೊದಲು ಸ್ಟೇರಿಂಗ್ ಒಮ್ಮೆಲೇ ಹಗುರಾಗುತ್ತದೆ. ಆ ಸನ್ನೆ ಅವರಿಗೆ ಎತ್ತಿನ ಮಿಣಿ ಹಿಡಿದಷ್ಟೇ ಸಲೀಸಾಗಿ ತಿಳಿಯುತ್ತಿತ್ತು.

ಇನ್ನು ಡೀಸೆಲ್ಲಿಗೆ ಬರೋಣ.

ನಮ್ಮ ರೈತರಿಗೆ ಡೀಸೆಲ್ ಎಂಜಿನ್ ಹೊಸದಲ್ಲ, ಹಳ್ಳದ ದಂಡೆಯ ಪಂಪ್‌ಸೆಟ್ಟಿನಿಂದಲೇ ಪರಿಚಯ. ಐದು ಎಚ್‌ಪಿಯ ಆ ಎಂಜಿನ್ ಎತ್ತಿ ಚಕ್ಕಡಿಗೆ ಹಾಕಬೇಕಾದರೆ ನಾಲ್ಕು ಆಳು ಬೇಕಾಗುತ್ತಿತ್ತು. ಯಾಕೆ ಅಷ್ಟು ಭಾರ? ಪೆಟ್ರೋಲ್ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸಲು ಸ್ಪಾರ್ಕ್ ಪ್ಲಗ್ ಇದೆ. ಡೀಸೆಲ್ಲಿನಲ್ಲಿ ಅದಿಲ್ಲ. ಗಾಳಿಯನ್ನು ಎಷ್ಟು ಒತ್ತಬೇಕೆಂದರೆ, ಆ ಒತ್ತಡದ ಕಾವಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. ಆ ಕಾಲದ ಪೆಟ್ರೋಲ್ ಕಾರಿನಲ್ಲಿ ಗಾಳಿಯನ್ನು ಸುಮಾರು 9ರಲ್ಲಿ ಒಂದು ಪಾಲಿಗೆ ಒತ್ತಿದರೆ, ಹಳೆಯ ಡೀಸೆಲ್ಲಿನಲ್ಲಿ 20ಕ್ಕೂ ಮೀರಿ ಒತ್ತುತ್ತಿದ್ದರು. ಆ ಪೆಟ್ಟು ತಡೆಯಲು ಬ್ಲಾಕ್ ದಪ್ಪ, ಕ್ರ್ಯಾಂಕ್ ದಪ್ಪ, ಫ್ಲೈವೀಲ್ ದಪ್ಪ, ಕ್ಲಚ್ ಗೇರ್‌ಬಾಕ್ಸ್ ಎಲ್ಲವೂ ಗಟ್ಟಿ ಇರಬೇಕು. ಸದ್ದು ಅಡಗಿಸಲು ಬಾನೆಟ್ಟಿನಡಿ ಗಾದಿ ಬೇರೆ. ಮುಂದೆ ಟರ್ಬೊ, ಇಂಟರ್‌ಕೂಲರ್ ಬಂದವು, ಅವುಗಳ ತೂಕವೂ ಸೇರಿತು.

ಮರ್ಸಿಡಿಸ್ ಕಂಪನಿ 1936ರಲ್ಲೇ 260ಡಿ ಎಂಬ ಡೀಸೆಲ್ ಕಾರು ಮಾಡಿತ್ತು. ಆದರೆ ಅದು ದೊಡ್ಡ ಕಾರು, ಹಿಂದಿನ ಗಾಲಿ ದಬ್ಬುವಂಥದ್ದು. ಮುಂದಿನ ಗಾಲಿ ಎಳೆಯುವ ಪುಟ್ಟ ಹ್ಯಾಚ್‌ಬ್ಯಾಕಿನ ಮೂಗಿನಲ್ಲಿ ಡೀಸೆಲ್ ಕೂರಿಸಿ ಗೆದ್ದು ತೋರಿಸಿದ್ದು 1976ರ ಫೋಕ್ಸ್‌ವ್ಯಾಗನ್ ಗಾಲ್ಫ್. ಭಾರತದ ಹ್ಯಾಚ್‌ಬ್ಯಾಕುಗಳಿಗೆ ಅದು ಬರಲು ಇನ್ನೂ ಇಪ್ಪತ್ತೆರಡು ವರ್ಷ ಹಿಡಿಯಿತು. 1998 ನಮ್ಮ ಸಣ್ಣ ಕಾರುಗಳ ಡೀಸೆಲ್ ವರ್ಷ ಅನ್ನಬಹುದು. 993 ಸಿಸಿ ಪೆಟ್ರೋಲ್ ಎಂಜಿನ್ನಿನ ಮಾರುತಿ ಝೆನ್ನಿಗೆ ಫ್ರಾನ್ಸಿನ ಪ್ಯೂಜೊ ಕಂಪನಿಯ 1527 ಸಿಸಿ ಡೀಸೆಲ್ ಕೂರಿಸಿ ಮಾರಿದ್ದು ಆಗಲೇ. ವರ್ಷದ ಕೊನೆಗೆ, ಡಿಸೆಂಬರಿನಲ್ಲಿ, 1405 ಸಿಸಿ ಡೀಸೆಲ್ ಎಂಜಿನ್ನಿನ ಟಾಟಾ ಇಂಡಿಕಾ ಬಂತು.

ಈ ಎರಡರ ನಡುವೆ ಒಂದು ವ್ಯತ್ಯಾಸವಿದೆ, ಗಮನಿಸಿ. ಝೆನ್ ಹುಟ್ಟಿದ್ದು ಹಗುರವಾದ ಅಲ್ಯುಮಿನಿಯಂ ಪೆಟ್ರೋಲ್ ಎಂಜಿನ್ನಿಗಾಗಿ, ಡೀಸೆಲ್ ಅದಕ್ಕೆ ಆಮೇಲೆ ಬಂದ ನೆಂಟ. ಇಂಡಿಕಾ ಡೀಸೆಲ್ ಇರುತ್ತದೆ ಅಂತ ಲೆಕ್ಕ ಹಾಕಿಯೇ ಮಾಡಿದ ಕಾರು, ಒಟ್ಟು ತೂಕ ಸುಮಾರು ಒಂದು ಟನ್. ಮೊದಲಿನಿಂದಲೇ ಲೆಕ್ಕಕ್ಕೆ ಹಿಡಿದ ಭಾರ ಬೇರೆ, ಆಮೇಲೆ ಹೇರಿದ ಭಾರ ಬೇರೆ.

ಆಮೇಲೆ 2007ರ ಜನವರಿಯಲ್ಲಿ ಸ್ವಿಫ್ಟಿಗೆ ಫಿಯಟ್ ಮೂಲದ 1248 ಸಿಸಿ ಕಾಮನ್‌ರೈಲ್ ಡೀಸೆಲ್ ಬಂತು. ಆ ಎಂಜಿನ್ನು ಆಮೇಲೆ ಎಷ್ಟು ಕಂಪನಿಯ ಕಾರುಗಳ ಹೊಟ್ಟೆ ಸೇರಿತೆಂದರೆ, ಹುಬ್ಬಳ್ಳಿಯ ಮಿಸ್ತ್ರಿಗಳು ಕಣ್ಣು ಮುಚ್ಚಿ ಬಿಚ್ಚಿ ಜೋಡಿಸುವಷ್ಟು. ಲೀಟರ್ ಡೀಸೆಲ್ ಪೆಟ್ರೋಲಿಗಿಂತ ಹತ್ತು ರೂಪಾಯಿಗೂ ಹೆಚ್ಚು ಅಗ್ಗ ಇದ್ದ ಕಾಲ ಅದು. ಹಳ್ಳಿಯ ಡಾಕ್ಟರು, ಬೀಜ ಗೊಬ್ಬರದ ಅಂಗಡಿಯವರು, ಗುತ್ತಿಗೆದಾರರು ಎಲ್ಲರೂ ಡೀಸೆಲ್ ಹ್ಯಾಚ್‌ಬ್ಯಾಕಿನ ಹಿಂದೆ ಬಿದ್ದರು. ಎಲ್ಲರೂ ಕೇಳುತ್ತಿದ್ದ ಪ್ರಶ್ನೆ ಒಂದೇ, "ಎಷ್ಟ್ ಕೊಡತೈತಿ?" ಎಷ್ಟು ಮೈಲೇಜ್ ಅಂತ. ಮೂಗಿನ ಮೇಲೆ ಎಷ್ಟಿದೆ ಅಂತ ಯಾರೂ ಕೇಳಲಿಲ್ಲ.

ಎಷ್ಟಿರುತ್ತದೆ? ಒಂದೇ ಮಾದರಿಯ ಪೆಟ್ರೋಲ್ ಕಾರಿಗೂ ಡೀಸೆಲ್ ಕಾರಿಗೂ 70ರಿಂದ 100 ಕಿಲೋ ವ್ಯತ್ಯಾಸ ಸಾಮಾನ್ಯ. ಅಂದರೆ ಒಂದು ಚೀಲ ಕಡಲೆಯ ಆಸುಪಾಸು. ಅಷ್ಟೇನಾ, ಹಿಂದಿನ ಸೀಟಿನಲ್ಲಿ ಒಬ್ಬರು ಹೆಚ್ಚಿಗೆ ಕೂತರೆ ಅಷ್ಟೇ ಆಗುವುದಿಲ್ಲವೇ ಅನ್ನಬಹುದು. ಇಲ್ಲಿ ಕಾಕಾನ ಚಕ್ಕಡಿ ನೆನಪಿಸಿಕೊಳ್ಳಿ.

ಒಂದು ಲೆಕ್ಕ ಹಾಕೋಣ. ಕಾರಿನ ತೂಕ 1000 ಕಿಲೋ ಅಂತ ಇಟ್ಟುಕೊಳ್ಳಿ. ಮುಂದಿನ ಅಚ್ಚಿನ ಮೇಲೆ 600, ಹಿಂದೆ 400. ಎರಡು ಅಚ್ಚುಗಳ ನಡುವಿನ ದೂರ 2.4 ಮೀಟರ್, ನಮ್ಮ ಬಹಳಷ್ಟು ಸಣ್ಣ ಕಾರುಗಳದ್ದು ಅದರ ಆಸುಪಾಸೇ. ಈಗ ಮುಂದಿನ ಅಚ್ಚಿಗಿಂತ 20 ಸೆಂಟಿಮೀಟರ್ ಮುಂದೆ 80 ಕಿಲೋ ಹೇರಿ. ಮುಂದಿನ ಅಚ್ಚಿನ ಮೇಲೆ ಬೀಳುವುದು 80 ಅಲ್ಲ, ಸುಮಾರು 87 ಕಿಲೋ! ಉಳಿದ 7 ಕಿಲೋ ಎಲ್ಲಿಂದ ಬಂತು? ಹಿಂದಿನ ಗಾಲಿಯಿಂದ. ಅಚ್ಚಿನಿಂದ ಆಚೆ ಇರುವ ಭಾರ ತಕ್ಕಡಿಯಂತೆ ಹಿಂಭಾಗವನ್ನು ಎತ್ತುತ್ತದೆ. ಈಗ ಮುಂದೆ 687, ಹಿಂದೆ 393. ನೂರಕ್ಕೆ ಅರವತ್ತು ಇದ್ದದ್ದು ಹತ್ತಿರ ಹತ್ತಿರ ಅರವತ್ತನಾಲ್ಕು ಆಯಿತು. ಅದೇ 80 ಕಿಲೋ ಆಸಾಮಿ ಹಿಂದಿನ ಸೀಟಿನಲ್ಲಿ ಕೂತರೆ ಹೆಚ್ಚಿನ ಪಾಲು ಹಿಂದಿನ ಅಚ್ಚಿಗೆ ಹೋಗುತ್ತದೆ, ತಕ್ಕಡಿ ಸಮಕ್ಕೆ ಬರುತ್ತದೆ. ಭಾರ ಅದೇ, ಜಾಗ ಬೇರೆ.

ಇದರಿಂದ ಏನಾಗುತ್ತದೆ? ಭಾರ ಹೆಚ್ಚಾದರೆ ಟಯರಿನ ಹಿಡಿತವೂ ಹೆಚ್ಚಾಗುತ್ತದೆ, ನಿಜ. ಆದರೆ ಅದೇ ಪ್ರಮಾಣದಲ್ಲಿ ಅಲ್ಲ. ಒಂದು ಎತ್ತಿನ ಮೇಲೆ ಎರಡರಷ್ಟು ಹೇರಿದರೆ ಅದು ಎರಡರಷ್ಟು ಎಳೆಯುತ್ತದೆಯೇ? ಹಾಗೆಯೇ ಇದು. ತಿರುವಿನಲ್ಲಿ ಆ ಭಾರವನ್ನೆಲ್ಲ ಹೊರಳಿಸುವ ಕೆಲಸ ಪೂರ್ತಿ ಹೆಚ್ಚಾಗುತ್ತದೆ, ಹೊರಳಿಸುವ ಶಕ್ತಿ ಮಾತ್ರ ಅಷ್ಟು ಹೆಚ್ಚಾಗುವುದಿಲ್ಲ. ಹೀಗಾಗಿ ವೇಗದಲ್ಲಿ ತಿರುವಿಗೆ ಹೋದಾಗ ಸ್ಟೇರಿಂಗ್ ತಿರುಗಿಸಿದ್ದರೂ ಕಾರು ಅಷ್ಟು ಹೊರಳದೆ ನೆಟ್ಟಗೆ ಹೋಗಲು ನೋಡುತ್ತದೆ. ಇದಕ್ಕೆ ಎಂಜಿನಿಯರುಗಳು ಅಂಡರ್‌ಸ್ಟಿಯರ್ ಅನ್ನುತ್ತಾರೆ. ಕಾಕಾ ಅದಕ್ಕೆ "ಮಾತು ಕೇಳೂದುಲ್ಲ" ಅನ್ನುತ್ತಾರೆ.

ಇನ್ನೊಂದು ಇದೆ. ಕೊಡಲಿಯನ್ನು ಅಲಗಿನ ಹತ್ತಿರ ಹಿಡಿದು ಆಚೀಚೆ ತಿರುಗಿಸಿ ನೋಡಿ, ಸಲೀಸು. ಕಾವಿನ ತುದಿ ಹಿಡಿದು ತಿರುಗಿಸಿ, ತಿರುಗಿಸಲೂ ಕಷ್ಟ, ತಿರುಗಿದ್ದನ್ನು ನಿಲ್ಲಿಸಲೂ ಕಷ್ಟ. ಭಾರ ತುದಿಯಲ್ಲಿದ್ದರೆ ಕಾರೂ ಹೀಗೆಯೇ. ತಿರುವಿಗೆ ಮೂಗು ಹಾಕುವುದು ತಡ. ಎದುರು ಬಂದ ಎಮ್ಮೆ ತಪ್ಪಿಸಲು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಎಳೆದಾಗ ಅರ್ಧ ಕ್ಷಣ ಹಿಂದೆ ಬೀಳುತ್ತದೆ. ಬ್ರೇಕ್ ಒತ್ತಿದರೆ ಭಾರ ಇನ್ನಷ್ಟು ಮುಂದಕ್ಕೆ ಬರುತ್ತದೆ, ಹಿಂದಿನ ಗಾಲಿ ಇನ್ನಷ್ಟು ಹಗುರ. ಕಲಘಟಗಿ ದಾಟಿ ಯಲ್ಲಾಪುರ, ಅರಬೈಲು ಘಟ್ಟ ಇಳಿಯುವಾಗ ಇಳಿಜಾರೂ ಸೇರಿಕೊಂಡು ಮುಂದಿನ ಟಯರುಗಳ ಪಾಡು ಹೇಳತೀರದು. ಮುಂದಿನ ಟಯರುಗಳ ಅಂಚು ಬೇಗ ಸವೆಯುವುದು ಇದೇ ಕಾರಣಕ್ಕೆ.

ಹಾಗಂತ ಬರೀ ಕೆಟ್ಟದ್ದೇ ಅಂತಲೂ ಅಲ್ಲ. ಒದ್ದೆ ಡಾಂಬರಿನಲ್ಲಿ ಹೊರಡುವಾಗ ಎಳೆಯುವ ಗಾಲಿಯ ಮೇಲೆ ಭಾರ ಇದ್ದರೆ ಒಳ್ಳೆಯದೇ. ನೆಟ್ಟನೆಯ ಹೆದ್ದಾರಿಯಲ್ಲಿ ಕಾರು ಕದಲದೆ ಸಾಗುತ್ತದೆ. ಆದರೆ ಎರಿ ಕೆಸರಿನಲ್ಲಿ ಅದೇ ಭಾರ ಮೂಗನ್ನು ಹೂಳುತ್ತದೆ. ಆಗ ಬಾನೆಟ್ ಮೇಲೆ ಹುಡುಗರನ್ನು ಕೂರಿಸಿ ಪ್ರಯೋಜನವಿಲ್ಲ, ಟ್ರ್ಯಾಕ್ಟರೇ ಬರಬೇಕು.

ಕಾರು ಮಾಡುವವರಿಗೆ ಇದೆಲ್ಲ ಗೊತ್ತಿಲ್ಲ ಅಂತಲ್ಲ. ಡೀಸೆಲ್ ಮಾದರಿಗೆ ಮುಂದಿನ ಸ್ಪ್ರಿಂಗ್ ಗಡುಸು ಮಾಡುತ್ತಾರೆ. ಮುಂದಿನ ಟಯರಿಗೆ ಹೆಚ್ಚು ಗಾಳಿ ಹೇಳಿರುತ್ತಾರೆ, ಬಾಗಿಲಿನ ಅಂಚಿನ ಚೀಟಿಯಲ್ಲಿ ಬರೆದಿರುತ್ತದೆ, ನಾವು ಓದುವುದಿಲ್ಲ ಅಷ್ಟೇ. ಪವರ್ ಸ್ಟೇರಿಂಗ್ ಕೊಡುತ್ತಾರೆ. ಇಲ್ಲಿಯೇ ನಾನು ಹೇಳಬೇಕಾದ ಮುಖ್ಯ ಮಾತು ಇರುವುದು. ಪವರ್ ಸ್ಟೇರಿಂಗ್ ಭಾರವನ್ನು ಕೈಗೆ ತಾಕದಂತೆ ಮಾಡುತ್ತದೆ. ಟಯರಿಗೆ ತಾಕದಂತೆ ಮಾಡುವುದಿಲ್ಲ.

2008ಕ್ಕೆ ಬರುತ್ತೇನೆ. ಆ ವರ್ಷ ಕಾಕಾ 800 ಕೊಟ್ಟು ಹೊಸ ಡೀಸೆಲ್ ಹ್ಯಾಚ್‌ಬ್ಯಾಕ್ ತೆಗೆದುಕೊಂಡರು. ಯಾವ ಕಂಪನಿಯದು ಅನ್ನುವುದು ಇಲ್ಲಿ ಮುಖ್ಯವಲ್ಲ, ಕಾರಿನದೇನೂ ತಪ್ಪಿರಲಿಲ್ಲ. ಅವರಿಗೆ ಪೆಟ್ರೋಲ್ ಕಾರೇ ಬೇಕಾಗಿತ್ತು. "ನನಗ ರೂಢಿ ಐತಿ ತಮ್ಮಾ" ಅಂದಿದ್ದರು. ಬೆಂಗಳೂರಿನಿಂದ ಫೋನು ಮಾಡಿ ಮಾಡಿ ಒಪ್ಪಿಸಿದವನು ನಾನು. ವಾರಕ್ಕೆರಡು ಸಲ ಹುಬ್ಬಳ್ಳಿ, ತಿಂಗಳಿಗೊಮ್ಮೆ ಕಲಘಟಗಿಯ ಬೀಗರ ಮನೆ, ವರ್ಷಕ್ಕೆ ಇಷ್ಟು ಕಿಲೋಮೀಟರ್, ಕಿಲೋಮೀಟರಿಗೆ ಇಷ್ಟು ಉಳಿತಾಯ. ಕಾಗದದ ಮೇಲೆ ಲೆಕ್ಕ ಬರೆದು ತೋರಿಸಿದ್ದೆ. ಲೆಕ್ಕ ಸರಿಯಾಗಿಯೇ ಇತ್ತು.

ಶ್ರಾವಣದ ಒಂದು ರಾತ್ರಿ ಕಾಕಾ ಒಬ್ಬರೇ ಹುಬ್ಬಳ್ಳಿಯಿಂದ ಬರುತ್ತಿದ್ದರು. ಜಿಟಿಜಿಟಿ ಮಳೆ. ಊರಿನ ಹತ್ತಿರದ ಹಳ್ಳದ ಸೇತುವೆಗೆ ಮೊದಲು ಒಂದು ಬಲ ತಿರುವು ಇದೆ. ಹನ್ನೆರಡು ವರ್ಷ ದಿನಾ ಹೊರಳಿದ ತಿರುವು. ಅದೇ ವೇಗದಲ್ಲಿ ಬಂದರು, ಅದೇ ಜಾಗದಲ್ಲಿ ಸ್ಟೇರಿಂಗ್ ತಿರುಗಿಸಿದರು. ಕಾರು ಹೊರಳಲಿಲ್ಲ. ಗಾಬರಿಯಾಗಿ ಇನ್ನಷ್ಟು ತಿರುಗಿಸಿದರು, ಬ್ರೇಕ್ ಒತ್ತಿದರು. ಯಾರಾದರೂ ಅದನ್ನೇ ಮಾಡುತ್ತಾರೆ. ಆದರೆ ಹಿಡಿತ ಬಿಟ್ಟ ಟಯರನ್ನು ಇನ್ನಷ್ಟು ತಿರುಗಿಸಿದರೆ ಅದು ಇನ್ನಷ್ಟು ಜಾರುತ್ತದೆ. ಆ ಕಾರಿಗೆ ಎಬಿಎಸ್ ಇರಲಿಲ್ಲ. ನಮ್ಮಲ್ಲಿ ಎಲ್ಲ ಹೊಸ ಕಾರುಗಳಿಗೆ ಅದು ಕಡ್ಡಾಯವಾದದ್ದು 2019ರಲ್ಲಿ. ಲಾಕ್ ಆದ ಗಾಲಿ ಹೊರಳುವುದಿಲ್ಲ, ಬರೀ ಜಾರುತ್ತದೆ. ಕಾರು ನೆಟ್ಟಗೆ ರಸ್ತೆ ಬಿಟ್ಟು ಹೆಸರಿನ ಹೊಲಕ್ಕೆ ಇಳಿಯಿತು. ಎರಿ ಕೆಸರು ಮೂಗನ್ನು ಹಿಡಿದು ನಿಲ್ಲಿಸಿತು. ಹತ್ತು ಮಾರು ಆಚೆ ಹೋಗಿದ್ದರೆ ಹಳ್ಳ.

ಕಾಕಾನ ಎಡಗೈ ಮುರಿದಿತ್ತು. ಅದು ಆರು ವಾರದಲ್ಲಿ ಕೂಡಿತು. ಆದರೆ ಮನೆಯವರು, ಊರವರು, ನಾನೂ ಸೇರಿ ಒಂದು ತೀರ್ಮಾನಕ್ಕೆ ಬಂದುಬಿಟ್ಟಿದ್ದೆವು. "ಅರವತ್ತ ಆತು, ಕಣ್ಣ ಮಂದ ಆಗ್ಯಾವು, ಇನ್ನ ಸಾಕು." ಕಾಕಾ "ನಾ ಹೊಳ್ಳಿಸಿದ್ನಿ, ಅದು ಹೊಳ್ಳಲಿಲ್ಲ" ಅಂತ ಎರಡು ಮೂರು ಸಲ ಹೇಳಿದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಾಲ್ಕನೇ ಸಲ ಅವರೂ ಹೇಳಲಿಲ್ಲ. ಕೀಲಿ ಗೂಟಕ್ಕೆ ತೂಗುಬಿದ್ದಿತು. ಕಾರನ್ನು ಆಮೇಲೆ ಮಾರಿದೆವು.

ಭಾರ ಒಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಮಳೆ ಇತ್ತು, ಕತ್ತಲೆ ಇತ್ತು, ರಸ್ತೆಗೆ ಟ್ರ್ಯಾಕ್ಟರ್ ಗಾಲಿಯ ಕೆಸರು ಮೆತ್ತಿತ್ತು. ಆದರೆ ಹನ್ನೆರಡು ವರ್ಷ 650 ಕಿಲೋದ ಕಾರಿಗೆ ಕಲಿತ ಕೈಗೆ ಒಂದು ಟನ್ನಿಗೂ ಮಿಕ್ಕಿದ, ಮೂಗು ಜಡ ಇರುವ, ಆ ಜಡವನ್ನು ಕೈಯಿಂದ ಮುಚ್ಚಿಡುವ ಕಾರು ಕೊಟ್ಟೆವು. ತಿರುವಿಗೆ ಮೊದಲೇ ವೇಗ ಇಳಿಸಬೇಕು, ಜಾರಿದರೆ ಕಾಲು ಮೆಲ್ಲಗೆ ತೆಗೆದು ಸ್ಟೇರಿಂಗ್ ಸ್ವಲ್ಪ ಸಡಿಲ ಬಿಡಬೇಕು, ಟಯರು ಮತ್ತೆ ಕಚ್ಚುತ್ತದೆ. ಇಷ್ಟನ್ನು ಯಾರಾದರೂ ಹೇಳಿಕೊಟ್ಟಿದ್ದರೆ ಸಾಕಿತ್ತು. ಮೈಲೇಜಿನ ಲೆಕ್ಕ ಹಾಕಿದವನಿಗೆ ಈ ಲೆಕ್ಕವೂ ಗೊತ್ತಿತ್ತು. ಹಾಕಿರಲಿಲ್ಲ.

ಆಮೇಲಿನ ಚರಿತ್ರೆ ಚಿಕ್ಕದು. 2010ರ ಜೂನಿನಲ್ಲಿ ಪೆಟ್ರೋಲ್ ಬೆಲೆ, 2014ರ ಅಕ್ಟೋಬರಿನಲ್ಲಿ ಡೀಸೆಲ್ ಬೆಲೆ ಸರಕಾರದ ಹಿಡಿತದಿಂದ ಬಿಡುಗಡೆಯಾದವು. ಎರಡರ ನಡುವಿನ ಅಂತರ ಕರಗಿತು. 2020ರ ಏಪ್ರಿಲಿನಲ್ಲಿ ಬಿಎಸ್ 6 ಹೊಗೆ ನಿಯಮ ಬಂದಾಗ ಮಾರುತಿ ಡೀಸೆಲ್ ಕಾರುಗಳನ್ನೇ ನಿಲ್ಲಿಸಿತು, ಉಳಿದ ಹೆಚ್ಚಿನ ಸಣ್ಣ ಕಾರುಗಳಿಂದಲೂ ಡೀಸೆಲ್ ಹೊರಬಿತ್ತು. ಮೂಗುಗಳು ಮತ್ತೆ ಹಗುರಾದವು. ಈಗ ಬ್ಯಾಟರಿ ಕಾರಿನ ಸರದಿ. 2022ರಲ್ಲಿ ಬಂದ ಟಾಟಾ ಟಿಯಾಗೊ ಇವಿ ಅದೇ ಹೆಸರಿನ ಪೆಟ್ರೋಲ್ ಕಾರಿಗಿಂತ ಭಾರ. ಆದರೆ ಬ್ಯಾಟರಿಯ ಭಾರ ಮೂಗಿನಲ್ಲಿಲ್ಲ, ಎರಡು ಅಚ್ಚುಗಳ ನಡುವೆ ನೆಲದಡಿ ಇದೆ. ಒಳ್ಳೆಯ ಒಕ್ಕಲಿಗ ಚಕ್ಕಡಿ ಹೇರುವ ಹಾಗೆ!

ಮೊನ್ನೆ ಚೀಲ ಹೇರುವುದು ಮುಗಿದ ಮೇಲೆ ಕಾಕಾನ ಪಕ್ಕ ಕಟ್ಟೆಗೆ ಕೂತು ಇದನ್ನೆಲ್ಲ ಹೇಳಿದೆ. ನೆಲದ ಮೇಲೆ ಕಡ್ಡಿಯಿಂದ ಎರಡು ಅಚ್ಚು ಬರೆದೆ, 80 ಕಿಲೋ ಹೇಗೆ 87 ಆಗುತ್ತದೆ ಅಂತ ತೋರಿಸಿದೆ. ಎಪ್ಪತ್ತೇಳು ವರ್ಷದ ಕಾಕಾ ಸುಮ್ಮನೆ ಕೇಳಿಸಿಕೊಂಡರು. ಕೊಡಲಿಯ ಮಾತಿಗೆ ತಲೆ ಹಾಕಿದರು. ಪವರ್ ಸ್ಟೇರಿಂಗಿನ ಮಾತಿಗೆ, "ಹೌದ ನೋಡು, ಕೈಗೆ ಗೊತ್ತಾ ಆಗ್ತಿದ್ದಿಲ್ಲ" ಅಂದರು.

ಆಮೇಲೆ ಬಹಳ ಹೊತ್ತು ನೆಲದ ಮೇಲಿನ ಗೆರೆ ನೋಡುತ್ತ ಕೂತರು.

"ಇದನ್ನ ಅವತ್ತ ಯಾಕ ಹೇಳ್ಲಿಲ್ಲೋ ತಮ್ಮಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ.